ಮಾತು ಬಾರದ ಮಗುವಿಗೆ ಬುದ್ಧಿ ಇಲ್ಲವೆನ್ನಬೇಡಿ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇನೆ. ನಾನು ದೇವದುರ್ಗ ತಾಲ್ಲೂಕಿನ ಶಾಲೆಯೊಂದರಲ್ಲಿದ್ದಾಗ ಎರಡನೆಯ ತರಗತಿಗೆ ಒಬ್ಬ ಹುಡುಗ ಬರುತ್ತಿದ್ದ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಓಡುತ್ತಿದ್ದ. "ಇವನಿಗೆ ಓದು ಹತ್ತುವುದಿಲ್ಲ" ಎಂದು ಅವನ ತಾಯಿಗೆ ಹೇಳಿಬಿಟ್ಟೆ. ಮರುದಿನದಿಂದ ಹುಡುಗ ಬರಲಿಲ್ಲ. ವರ್ಷದ ನಂತರ ಅವರ ಮನೆಗೆ ಹೋದೆ. ತಾಯಿ ಹತ್ತಿ ಬಿಡಿಸಲು ಹೋಗಿದ್ದರು. ಹುಡುಗ ಒಬ್ಬನೇ ಕುಳಿತು ಬಾಟಲಿ ಮುಚ್ಚಳಗಳನ್ನು ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ ಕೂಡಿಸಿ ಸಾಲಾಗಿ ಇಟ್ಟಿದ್ದ. ಒಂದೂ ತಪ್ಪಿರಲಿಲ್ಲ. ಅವನಿಗೆ ಆಟಿಸಂ ಇದೆಯೆಂದು ವೈದ್ಯರಿಂದ ತಿಳಿದದ್ದು ಆಮೇಲೆ.

ಬಡತನದಿಂದ, ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆಯೇ? ಇಲ್ಲ. 1943ರಲ್ಲಿ ಲಿಯೋ ಕ್ಯಾನರ್ ಇದನ್ನು ವಿವರಿಸಿದ ಮೇಲೆ ಬಹುಕಾಲ ತಾಯಂದಿರನ್ನೇ ದೂರಲಾಯಿತು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಆ ಮಾತನ್ನು ಅಲ್ಲಗಳೆದರು. ಅವರ ಮಗನಿಗೂ ಆಟಿಸಂ ಇತ್ತು. ಇದು ಮಿದುಳಿನ ಬೆಳವಣಿಗೆಯ ಭಿನ್ನತೆ. ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು.

ಹಾಗೆಂದು ಪರಿಸರದ ಪಾತ್ರವೇ ಇಲ್ಲವೆಂದಲ್ಲ. 1989ರ ನಂತರ ರೊಮೇನಿಯಾದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಮೈಕಲ್ ರಟ್ಟರ್ ಅವರ ತಂಡ ವರ್ಷಗಟ್ಟಲೆ ಗಮನಿಸಿತು. ಆರು ತಿಂಗಳೊಳಗೆ ಹೊರಬಂದ ಮಕ್ಕಳು ಬಹುಮಟ್ಟಿಗೆ ಚೇತರಿಸಿಕೊಂಡರು. ಹೆಚ್ಚು ಕಾಲ ಅಲ್ಲಿದ್ದ ಕೆಲವರಲ್ಲಿ ಆಟಿಸಂನಂಥ ಲಕ್ಷಣಗಳು ಕಂಡವು. ಅದು ಬೇರೆ ಸ್ಥಿತಿ ನಿಜ. ಆದರೆ ಆಟ, ಮಾತು, ಒಡನಾಟ ಸಿಗದಿದ್ದರೆ ಯಾವ ಮಗುವಿನ ಶಕ್ತಿಯಾದರೂ ಕುಗ್ಗುತ್ತದೆ. ಮೊದಲೇ ಒಂಟಿಯಾಗಿರುವ ಮಗುವನ್ನು ಕೋಣೆಯಲ್ಲಿ ಕೂಡಿಸಿದರೆ ನಷ್ಟ ಎರಡು ಪಟ್ಟು.

ನಮ್ಮ ಅಳತೆಗೋಲೂ ತಪ್ಪಬಹುದು. 2007ರಲ್ಲಿ ಕೆನಡಾದ ಸಂಶೋಧಕರು ಆಟಿಸಂ ಇರುವ ಮಕ್ಕಳಿಗೆ ಎರಡು ಬಗೆಯ ಬುದ್ಧಿಪರೀಕ್ಷೆ ಕೊಟ್ಟರು. ಮಾತನ್ನು ಹೆಚ್ಚು ಅವಲಂಬಿಸಿದ ಪರೀಕ್ಷೆಗಿಂತ ಚಿತ್ರವಿನ್ಯಾಸದ ರೇವನ್ ಪರೀಕ್ಷೆಯಲ್ಲಿ ಆ ಮಕ್ಕಳು ಬಹಳ ಮೇಲಿದ್ದರು. ನನ್ನ ಹುಡುಗನ ಮುಚ್ಚಳಗಳು ಹೇಳಿದ್ದೂ ಅದನ್ನೇ.

ಇನ್ನೊಂದು ಮಾತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಒಂದನ್ನು ಬಿಡಿಸಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆಗಳಿಂದ ಇಂಥ ಮಕ್ಕಳಿಗೆ ಹಾನಿಯಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಅಮ್ಮಿ ಲಾಲಿ ಹಾಡುವ ಭಾಷೆಯನ್ನು ಮಗುವಿನಿಂದ ಕಸಿಯಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರಂತೆ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. ಮಾನ್ವಿ, ದೇವದುರ್ಗದ ಪಾಲಕರು ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ ವಿಚಾರಿಸಿರಿ, ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿರಿ. ಬಿ.ಎಡ್. ಓದುತ್ತಿರುವ ತಮ್ಮ ತಂಗಿಯರೇ, ದಿನದ ಪಾಠಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿರಿ. ಗಂಟೆ ಹೊಡೆಯುವ ಮುನ್ನ ಆ ಮಗುವಿಗೆ ಸನ್ನೆ ಮಾಡಿರಿ. ಇದಕ್ಕೆ ಖರ್ಚಿಲ್ಲ.

ಆ ಹುಡುಗ ಮರಳಿ ಶಾಲೆಗೆ ಬಂದ. ಆದರೆ ನನ್ನ ಒಂದು ಮಾತಿನಿಂದ ಹೋದ ಆ ಒಂದು ವರ್ಷವನ್ನು ನಾನು ಅವನಿಗೆ ಹಿಂತಿರುಗಿಸಲಾರೆ. ನಿಮ್ಮಿಂದ ಹಾಗಾಗದಿರಲಿ.