ಕೊಲೆಯಾದವರ ವಿಮರ್ಶೆ: ಚಾರ್ಲಿ ಹೆಬ್ಡೊ ಪ್ರಸಂಗ



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಹಿರಿಯ ವಕೀಲರು ಪತ್ರಿಕೆಗಳ ಪರವಾಗಿ ಮಾನನಷ್ಟ ಮೊಕದ್ದಮೆಗಳನ್ನು ನಡೆಸಿದವರು. ಕಕ್ಷಿದಾರ ಬರೆದದ್ದು ಹಿಡಿಸದಿದ್ದರೆ ಅದನ್ನು ಅವನ ಮುಖಕ್ಕೇ ಹೇಳಿ, ಆಮೇಲೆ ವಕಾಲತ್ತಿಗೆ ಸಹಿ ಹಾಕುತ್ತಿದ್ದರಂತೆ. ಅಂಥವರ ಹೆಸರಿನಲ್ಲಿ ಮಾತಾಡಲು ಕರೆದಿದ್ದೀರಿ, ಕೃತಜ್ಞ.

ಸಂವಿಧಾನದ 19ನೇ ವಿಧಿ, ಹಿಂದಿನ ದಂಡಸಂಹಿತೆಯ 295ಎ, ಫ್ರಾನ್ಸಿನ 1881ರ ಪತ್ರಿಕಾ ಕಾಯ್ದೆ, ಇವುಗಳ ಬಗ್ಗೆ ಒಳ್ಳೆಯ ಪುಸ್ತಕಗಳಿವೆ. ಅವನ್ನು ಅಲ್ಲಿಗೇ ಬಿಡುತ್ತೇನೆ. ನನ್ನ ಪ್ರಶ್ನೆ ಒಂದೇ: ಕೊಲೆಯಾದ ವ್ಯಂಗ್ಯಚಿತ್ರಕಾರನ ಚಿತ್ರವನ್ನು ಟೀಕಿಸಬಹುದೇ? ಧಾರಾಳವಾಗಿ ಟೀಕಿಸಬಹುದು. ಆದರೆ ಟೀಕಿಸಲು ಹೊರಟ ದೊಡ್ಡವರೇ ಆ ಕೆಲಸವನ್ನು ಕೆಡಿಸಿದರು ಎಂಬುದು ನನ್ನ ದೂರು.

2015ರ ಜನವರಿ 7ರಂದು ಪ್ಯಾರಿಸ್ಸಿನ ವಿಡಂಬನಾ ಪತ್ರಿಕೆ ಚಾರ್ಲಿ ಹೆಬ್ಡೊ ಮೇಲೆ ದಾಳಿ ಮಾಡಿದ ಇಬ್ಬರು ಸೋದರರ ಗುಂಡಿಗೆ 12 ಜನ ಬಲಿಯಾದರು. ಅವರಲ್ಲಿ ಎಂಟು ಮಂದಿ ಪತ್ರಿಕೆಯವರು. ಉಳಿದವರು? ಕಟ್ಟಡದ ನಿರ್ವಹಣೆಗೆ ಬಂದಿದ್ದ ಕೆಲಸಗಾರ, ಸಂಪಾದಕೀಯ ಸಭೆಗೆ ಬಂದಿದ್ದ ಅತಿಥಿ, ಸಂಪಾದಕ ಶಾರ್ಬ್ ಅವರ ಅಂಗರಕ್ಷಕ, ಬೀದಿಯಲ್ಲಿ ಎದುರಾದ ಪೊಲೀಸ್ ಅಹ್ಮದ್ ಮೆರಾಬೆ. ‘ಹಾಗೆ ಬರೆದರೆ ಹೀಗಾಗದೆ ಇರುತ್ತದೆಯೇ’ ಎನ್ನುವವರ ಬಳಿ ಈ ನಾಲ್ವರಿಗೆ ಉತ್ತರವಿಲ್ಲ. ಪತ್ರಿಕೆಯ ಎಂಟು ಜನರಲ್ಲೂ ಒಬ್ಬರು ಅಲ್ಜೀರಿಯಾದಲ್ಲಿ ಹುಟ್ಟಿದ ಮುಸ್ತಫಾ ಉರ್ರಾದ್. ಕರಡು ತಿದ್ದುವುದು ಅವರ ಉದ್ಯೋಗವಾಗಿತ್ತು. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಕೊಲೆಯಾದ ಮೇಲೆ ನಮ್ಮಲ್ಲೂ ‘ಹಾಗೆ ಬರೆದರೆ’ ಎಂಬ ಇದೇ ಮಾತು ಕೇಳಿಬಂತು. ಇದು ವಿಮರ್ಶೆಯಲ್ಲ, ಕೊಲೆಗಾರನ ಪರವಾದ ಹೇಳಿಕೆ.

ಇನ್ನು ನಿಜವಾದ ವಿಮರ್ಶಕರಿಗೆ ಬರೋಣ. 2015ರಲ್ಲೇ ಲೇಖಕರ ಸಂಸ್ಥೆಯಾದ ಪೆನ್ ಅಮೆರಿಕ ಚಾರ್ಲಿ ಹೆಬ್ಡೊಗೆ ಧೈರ್ಯದ ಪ್ರಶಸ್ತಿ ಕೊಡಲು ಹೊರಟಾಗ ಪೀಟರ್ ಕ್ಯಾರಿ, ಮೈಕಲ್ ಒಂಡಾಟ್ಜಿ, ಟೇಜು ಕೋಲ್ ಸೇರಿ ಆರು ಲೇಖಕರು ಸಮಾರಂಭದಿಂದ ಹಿಂದೆ ಸರಿದರು. ಮಾತಾಡುವ ಹಕ್ಕನ್ನು ಕಾಯುವುದು ಬೇರೆ, ಆಡಿದ ಮಾತಿಗೆ ಹಾರ ಹಾಕುವುದು ಬೇರೆ ಎಂಬುದು ಅವರ ತಕರಾರು. ಹಾಗೆ ಹಿಂದೆ ಸರಿದವರನ್ನು ಸಲ್ಮಾನ್ ರಶ್ದಿ ಕಟುವಾಗಿ ಹಂಗಿಸಿದರು. ಬರೆದದ್ದಕ್ಕಾಗಿ ಕೊಲೆಯ ಫತ್ವಾ ಹೊತ್ತು ಬಾಳಿದ ರಶ್ದಿಯವರ ಸಿಟ್ಟು ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತು. ಆದರೂ ಚಪ್ಪಾಳೆ ತಟ್ಟದಿರುವುದು ಹೇಡಿತನವಲ್ಲ. ಈ ಮಟ್ಟಿಗೆ ನಾನು ಆ ಆರು ಜನರ ಪಕ್ಷ.

ವಿಮರ್ಶಕರು ಜಾರಿದ್ದು ಚಿತ್ರಗಳನ್ನು ಓದುವುದರಲ್ಲಿ. ವಿಡಂಬನೆ ಬಲಿಷ್ಠರನ್ನು ಹೊಡೆಯಬೇಕು, ಚಾರ್ಲಿ ದುರ್ಬಲರನ್ನು ಹೊಡೆಯಿತು ಎಂದರು ಅಮೆರಿಕದ ವ್ಯಂಗ್ಯಚಿತ್ರಕಾರ ಗ್ಯಾರಿ ಟ್ರೂಡೊ. ಕೇಳಲು ಚೆನ್ನಾಗಿದೆ. ಆದರೆ ಚಿತ್ರದಲ್ಲಿ ಕಾಣುವವರೇ ಏಟು ತಿನ್ನುವವರು ಎಂದು ಹೇಳಿದವರು ಯಾರು?

ಹೆಚ್ಚು ಬೈಸಿಕೊಂಡ ಚಿತ್ರವನ್ನೇ ತೆಗೆದುಕೊಳ್ಳಿ. 2013ರಲ್ಲಿ ಶಾರ್ಬ್ ಫ್ರಾನ್ಸಿನ ಕಪ್ಪು ವರ್ಣದ ನ್ಯಾಯಮಂತ್ರಿ ಕ್ರಿಸ್ಟಿಯಾನ್ ತೊಬಿರಾ ಅವರನ್ನು ಕೋತಿಯ ದೇಹದಲ್ಲಿ ಬರೆದರು. ಅಷ್ಟನ್ನೇ ಕತ್ತರಿಸಿ ತೋರಿಸಿದರೆ ಯಾರ ಹೊಟ್ಟೆಯೂ ತೊಳಸುತ್ತದೆ. ಪೂರ್ತಿ ಚಿತ್ರ ನೋಡಿ. ಪಕ್ಕದಲ್ಲಿ ತೀವ್ರ ಬಲಪಂಥದ ನ್ಯಾಷನಲ್ ಫ್ರಂಟ್ ಪಕ್ಷದ ಮೂರು ಬಣ್ಣದ ಜ್ವಾಲೆಯ ಲಾಂಛನವಿದೆ. ಮೇಲೆ, ಆ ಪಕ್ಷದ ನಾಯಕಿ ಮರೀನ್ ಲೆ ಪೆನ್ ಅವರ ಕೂಟದ ಹೆಸರನ್ನು ತಿರುಚಿ ಅದನ್ನು ಜನಾಂಗದ್ವೇಷಿಗಳ ಕೂಟ ಎಂದು ಕರೆದಿದೆ. ತೊಬಿರಾ ಅವರನ್ನು ಕೋತಿಗೆ ಹೋಲಿಸಿದ್ದು ಶಾರ್ಬ್ ಅಲ್ಲ, ಆ ಪಕ್ಷದ ಅಭ್ಯರ್ಥಿಯೊಬ್ಬರು; ಅದೂ ಚಿತ್ರ ಬರುವುದಕ್ಕೆ ಕೆಲವೇ ದಿನ ಮೊದಲು. ವ್ಯಂಗ್ಯಚಿತ್ರಕಾರ ಆ ಮಾತಿಗೆ ಪಕ್ಷದ ಮೊಹರು ಒತ್ತಿ ವಾಪಸ್ ಕೊಟ್ಟ. 2015ರ ಜನವರಿಯಲ್ಲಿ ಹತ್ಯೆಯಾದ ಇನ್ನೊಬ್ಬ ಚಿತ್ರಕಾರ ಟಿನ್ಯೂಸ್ ಅವರ ಅಂತ್ಯಕ್ರಿಯೆಯಲ್ಲಿ ಇದೇ ತೊಬಿರಾ ಶ್ರದ್ಧಾಂಜಲಿಯ ಮಾತಾಡಿದರು. ಚಿತ್ರದಲ್ಲಿದ್ದಾಕೆಗೆ ಅರ್ಥವಾದದ್ದು ನ್ಯೂಯಾರ್ಕಿನ ಪಂಡಿತರಿಗೆ ಆಗಲಿಲ್ಲ.

ಪತ್ರಿಕೆಗೆ ಇಸ್ಲಾಮಿನ ಗೀಳು ಹಿಡಿದಿತ್ತು ಎಂಬ ಆರೋಪವೂ ಇದೆ. ಇಬ್ಬರು ಸಮಾಜಶಾಸ್ತ್ರಜ್ಞರು ಹತ್ತು ವರ್ಷಗಳ 523 ಮುಖಪುಟಗಳನ್ನು ವಿಂಗಡಿಸಿ ಲ ಮೊಂದ್ ಪತ್ರಿಕೆಯಲ್ಲಿ ಬರೆದರು: ಮುಖ್ಯವಾಗಿ ಧರ್ಮದ ಮೇಲಿದ್ದವು 38, ಅದರಲ್ಲಿ ಇಸ್ಲಾಮಿನ ಮೇಲೆ ಏಳು. ಗೀಳಿನ ಮಾತು ಇಲ್ಲಿಗೆ ಮುಗಿಯಿತು. ಆದರೆ ಚಾರ್ಲಿಯ ಭಕ್ತರು ಈ ಲೆಕ್ಕವನ್ನು ಎಲ್ಲದಕ್ಕೂ ಗುರಾಣಿ ಮಾಡಿಕೊಂಡಿದ್ದಾರೆ, ಅದನ್ನೂ ನಾನು ಒಪ್ಪೆ. 2014ರ ಅಕ್ಟೋಬರಿನ ಮುಖಪುಟ ನೋಡಿ: ನೈಜೀರಿಯಾದಲ್ಲಿ ಬೊಕೊ ಹರಾಮ್ ಹೊತ್ತೊಯ್ದ ಹುಡುಗಿಯರು ತುಂಬು ಗರ್ಭಿಣಿಯರಾಗಿ, ನಮ್ಮ ಮಕ್ಕಳ ಭತ್ಯೆ ಮುಟ್ಟಬೇಡಿ ಎಂದು ಕಿರುಚುತ್ತಾರೆ. ಗುರಿ ಫ್ರಾನ್ಸಿನ ಭತ್ಯೆ ಕಡಿತದ ಜಗಳ ಎಂದು ಸಮರ್ಥಕರು ವಿವರಿಸುತ್ತಾರೆ. ಇರಬಹುದು. ತೊಬಿರಾ ಚಿತ್ರದಲ್ಲಿ ದ್ವೇಷಿಯ ಗುರುತು ಕಾಗದದ ಮೇಲೇ ಇತ್ತು. ಇಲ್ಲಿ ಕಾಗದದ ಮೇಲಿರುವುದು ಆ ಹುಡುಗಿಯರು ಮಾತ್ರ. ಹಿಂಸೆಗೆ ಸಿಕ್ಕವರನ್ನು ನಗೆಯ ಸರಕು ಮಾಡಿದ ಕೆಟ್ಟ ಚಿತ್ರ ಅದು. ಜನವರಿ 7 ಅದನ್ನು ಒಳ್ಳೆಯ ಚಿತ್ರವನ್ನಾಗಿಸಲಿಲ್ಲ.

ಹೀಗೆ ಹೇಳುವ ಹಕ್ಕು ನನಗಿದ್ದರೆ ಒರಟರಿಗೂ ಇರಬೇಕು. ಕೊಲೆಯಾದ ವಾರದಲ್ಲೇ, ಪತ್ರಿಕೆಯ ಹೆಸರನ್ನೂ ಇನ್ನೊಬ್ಬ ಹಂತಕನ ಹೆಸರನ್ನೂ ಬೆಸೆದು ಫೇಸ್‌ಬುಕ್‌ನಲ್ಲಿ ಒಂದು ಸಾಲು ಹಾಕಿದ ಹಾಸ್ಯಗಾರ ದಿಯುದೊನೆಯನ್ನು ಫ್ರಾನ್ಸ್ ಬಂಧಿಸಿತು. ಮಾರ್ಚಿನಲ್ಲಿ ನ್ಯಾಯಾಲಯ ಎರಡು ತಿಂಗಳ ಜೈಲುಶಿಕ್ಷೆ ಕೊಟ್ಟು ಅದನ್ನು ಅಮಾನತಿನಲ್ಲಿಟ್ಟಿತು. ಆ ಸಾಲು ಹೇಸಿಗೆಯದು. ಶಿಕ್ಷೆ ಅದಕ್ಕಿಂತ ದೊಡ್ಡ ತಪ್ಪು. ನಮ್ಮ ವಕೀಲರು ಇದ್ದಿದ್ದರೆ ಈ ಮನುಷ್ಯನಿಗೂ ನಾಲ್ಕು ಮಾತು ಬೈದು ವಕಾಲತ್ತಿಗೆ ಸಹಿ ಹಾಕುತ್ತಿದ್ದರು ಎಂದುಕೊಂಡಿದ್ದೇನೆ.

ತೊಬಿರಾ ಚಿತ್ರದ ಪೂರ್ತಿ ಪ್ರತಿಯನ್ನೂ, ಕತ್ತರಿಸಿ ಹಂಚಿದ ತುಂಡನ್ನೂ ಅಧ್ಯಕ್ಷರ ಮೇಜಿನ ಮೇಲೆ ಇಟ್ಟಿದ್ದೇನೆ. ಪ್ರಶ್ನೆ ಕೇಳುವವರು ದಯವಿಟ್ಟು ಮೊದಲು ಎರಡನ್ನೂ ನೋಡಿ ಬನ್ನಿ.