ಸಂಕಟಕ್ಕೆ ಯಾವ ಚೌಕ?



ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವೈದ್ಯ ವಾರ್ನರ್ ಸ್ಲ್ಯಾಕ್ ಮತ್ತು ಸಂಗಡಿಗರು 1966ರಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ರೋಗಿಯು ಲಿಂಕ್ ಎಂಬ ಕಂಪ್ಯೂಟರಿನ ಮುಂದೆ ಕುಳಿತು, ಪರದೆಯ ಮೇಲೆ ಮೂಡುವ ಪ್ರಶ್ನೆಗಳಿಗೆ ಗುಂಡಿ ಒತ್ತಿ ತನ್ನ ಆರೋಗ್ಯದ ಪೂರ್ವವೃತ್ತಾಂತವನ್ನು ತಾನೇ ಒಪ್ಪಿಸುವ ವ್ಯವಸ್ಥೆ ಅದು. ಸ್ಲ್ಯಾಕ್ ರೂಪಿಸಿದ ಇಂಥ ಸಂದರ್ಶನಗಳಲ್ಲಿ ‘ಹೌದು’, ‘ಇಲ್ಲ’ ಎಂಬುವುಗಳ ಜೊತೆಗೆ ‘ಗೊತ್ತಿಲ್ಲ’, ‘ಅರ್ಥವಾಗಲಿಲ್ಲ’ ಎಂಬ ಉತ್ತರಗಳಿಗೂ ಜಾಗವಿತ್ತು. ರೋಗಿಯ ಅಧಿಕಾರವನ್ನು ಜೀವನವಿಡೀ ಪ್ರತಿಪಾದಿಸಿದ ಸ್ಲ್ಯಾಕ್‌ಗೆ ಯಂತ್ರವು ಆ ಅಧಿಕಾರದ ಸಾಧನವಾಗಿತ್ತು.

ಪೂರ್ವವೃತ್ತಾಂತಕ್ಕೆ ಇಷ್ಟು ಮಹತ್ವವೇಕೆ? ಬ್ರಿಟನ್ನಿನಲ್ಲಿ 1975ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 80 ಹೊಸ ರೋಗಿಗಳ ಪೈಕಿ 66 ಮಂದಿಯ ವಿಷಯದಲ್ಲಿ, ಕುಟುಂಬವೈದ್ಯರ ಪತ್ರ ಓದಿ ರೋಗಿಯ ಮಾತು ಕೇಳಿದ ಮೇಲೆ ಮಾಡಿದ ರೋಗನಿರ್ಣಯವೇ ಕೊನೆಗೂ ನಿಂತಿತು. ಆದರೆ 1984ರ ಅಮೆರಿಕದ ಅಧ್ಯಯನವೊಂದರಲ್ಲಿ, ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲೇ ವೈದ್ಯರು ನಡುವೆ ಬಾಯಿಹಾಕಿದ್ದರು. ಯಂತ್ರ ಹಾಗೆ ಮಾಡುವುದಿಲ್ಲ. ಅದಕ್ಕೆ ಅವಸರವಿಲ್ಲ. ಎದುರು ಕೂತವರಿಗೆ ಹೇಳಲು ನಾಚಿಕೆಯಾಗುವುದನ್ನೂ ಅದರ ಮುಂದೆ ಹೇಳಬಹುದು. ಆದ್ದರಿಂದ ಭೇಟಿಗೆ ಮೊದಲೇ ಫೋನಿಗೆ ಬಂದು ಬೀಳುವ ಇಂದಿನ ಪ್ರಶ್ನಾವಳಿಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸಲ್ಲದು.

ಪ್ರಶ್ನೆ ಇರುವುದು ಬೇರೆ ಕಡೆ: ಆ ಪ್ರಶ್ನಾವಳಿಯನ್ನು ತುಂಬುವವರು ಯಾರು?

ಮಂಡ್ಯದಿಂದಲೋ ಧಾರವಾಡದಿಂದಲೋ ಮಗನ ಮನೆಗೆ ಬಂದಿರುವ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ಲಿಂಕ್ ಬರುವುದು ಮಗನ ಫೋನಿಗೆ. ರಾತ್ರಿ ಊಟವಾದ ಮೇಲೆ ಅವನು ಸೋಫಾದಲ್ಲಿ ಕೂತು ಕೇಳುತ್ತಾನೆ: ‘ಅಮ್ಮ, ಎದೆನೋವು ಇದೆಯಾ?’ ‘ನೋವೇನಿಲ್ಲ ಕಣಪ್ಪ, ಒಂಥರಾ ಸಂಕಟ.’ ಚೌಕಗಳಲ್ಲಿ ಸಂಕಟವಿಲ್ಲ. ಮಗ ‘ಇಲ್ಲ’ ಎಂದು ಒತ್ತುತ್ತಾನೆ. ಮೂತ್ರ ಹಿಡಿದಿಟ್ಟುಕೊಳ್ಳಲಾಗದ ತೊಂದರೆಯನ್ನು, ಗಂಡ ತೀರಿಕೊಂಡ ಮೇಲೆ ನಿದ್ದೆ ಹತ್ತದಿರುವುದನ್ನು ಆಕೆ ಮಗನೆದುರು ಬಾಯಿಬಿಡುವುದಿಲ್ಲ. ಸೊಸೆಯೆದುರಂತೂ ಇಲ್ಲವೇ ಇಲ್ಲ. ಅಲ್ಲೂ ‘ಇಲ್ಲ’. ಮರುದಿನ ವೈದ್ಯರ ಪರದೆಯ ಮೇಲೆ ಮೂಡುವುದು ಯಾವ ತೊಂದರೆಯೂ ಇಲ್ಲದ ಹೆಂಗಸಿನ ಅಚ್ಚುಕಟ್ಟಾದ ದಾಖಲೆ.

ಕನ್ನಡದ ಸಂಕಟ ಹೊಟ್ಟೆಯದೂ ಆಗಬಹುದು, ಎದೆಯದೂ ಆಗಬಹುದು, ಮನಸ್ಸಿನದೂ ಆಗಬಹುದು. ಯಾವುದೆಂದು ತಿಳಿಯಲು ಇನ್ನೊಂದು ಪ್ರಶ್ನೆ ಕೇಳಬೇಕು. ಭಾಷೆ ಬಲ್ಲವರು ಕೇಳಬೇಕು. ವಯಸ್ಸಾದ ಮಹಿಳೆಯರಲ್ಲಿ ಹೃದಯಾಘಾತವು ತೀವ್ರ ಎದೆನೋವಿಲ್ಲದೆ, ಉಸಿರುಗಟ್ಟುವಿಕೆ, ವಾಕರಿಕೆ, ಸುಸ್ತುಗಳ ರೂಪದಲ್ಲಿಯೂ ಕಾಣಿಸಿಕೊಳ್ಳಬಹುದು. ಹೀಗಿರುವಾಗ ತಪ್ಪಿಹೋದ ಒಂದು ಪದದ ಬೆಲೆ ಜೀವವೇ ಆಗಬಹುದು.

ಹಕ್ಕುಗಳು ಕಾಗದದ ಮೇಲಾದರೂ ಇವೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ಮಹತ್ವದ ಪಠ್ಯವನ್ನು ಯಂತ್ರ ಅನುವಾದಿಸಿದರೆ ಅರ್ಹ ಅನುವಾದಕರು ಅದನ್ನು ಪರಿಶೀಲಿಸಬೇಕೆಂದು 2024ರಲ್ಲಿ ಪ್ರಕಟವಾದ ನಿಯಮ ಹೇಳುತ್ತದೆ. ಇಂಗ್ಲಿಷ್ ಸರಾಗವಾಗಿರುವ ಮಕ್ಕಳು ಈ ಹಕ್ಕನ್ನು ಕೇಳುವುದೇ ಅಪರೂಪ. ‘ನಾನೇ ಇದ್ದೀನಲ್ಲ’ ಎಂಬ ಪ್ರೀತಿಯೇ ಅಮ್ಮನ ಬಾಯಿ ಮುಚ್ಚಿಸುತ್ತದೆ.

ಹಾಗಾಗಿ ಬೇಡಿಕೆ ಎರಡು ಕಡೆಗೂ ಸಲ್ಲಬೇಕು. ಆಸ್ಪತ್ರೆಗಳಿಂದ: ರೋಗಿ ತನ್ನ ಭಾಷೆಯಲ್ಲಿ ಧ್ವನಿಯ ಮೂಲಕವೂ ಉತ್ತರಿಸುವ ಅವಕಾಶ, ಚೌಕಗಳಾಚೆಗೆ ಸ್ವಂತ ಮಾತಿಗೆ ಜಾಗ, ತುಂಬಿದವರು ಯಾರೆಂಬ ದಾಖಲೆ, ಉತ್ತರಗಳು ಯಾರ ಕೈ ಸೇರುತ್ತವೆಂಬ ಸ್ಪಷ್ಟನೆ. ಮನೆಗಳಿಂದ: ಮಗನೋ ಮಗಳೋ ಫೋನನ್ನು ಕೆಳಗಿಟ್ಟು, ಭೇಟಿಯ ದಿನ ದುಭಾಷಿಯನ್ನು ಕೇಳಿ ಪಡೆದು, ಸ್ವಲ್ಪ ಹೊತ್ತು ಕೋಣೆಯಿಂದ ಹೊರಗೆ ಹೋಗುವ ಧೈರ್ಯ.

ಆರು ದಶಕಗಳ ಹಿಂದೆ ತನಗೆ ಅರ್ಥವಾಗಲಿಲ್ಲವೆಂದು ಹೇಳಲು ರೋಗಿಗೊಂದು ಗುಂಡಿಯಿತ್ತು. ಇಂದು ಅದೇ ಗುಂಡಿ ವೈದ್ಯರ ಕಡೆಗೂ ಬೇಕಾಗಿದೆ: ‘ಸಂಕಟ ಎಂದಿರಲ್ಲ, ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿ ಅಮ್ಮ.’