ದೀಪದ ಜೊತೆಗೆ ಪೊರಕೆಯೂ ಬೇಕು
(ಗ್ರಾಮ ಆರೋಗ್ಯ ಕಾರ್ಯಕರ್ತೆಯರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ರಾತ್ರಿ ಹೊತ್ತು ದೀಪ ಹಿಡಿದು ಗಾಯಾಳುಗಳನ್ನು ನೋಡಿಕೊಂಡ ಮಹಾತಾಯಿ ಅಂತ ಶಾಲೆಯಲ್ಲೇ ಓದಿದ್ದೇವೆ. ಆದರೆ ಆ ಕಥೆಯ ಇನ್ನರ್ಧ ಭಾಗದಲ್ಲಿ ಚರಂಡಿ ಇದೆ, ಕಸದ ಗಾಡಿ ಇದೆ, ನೈರ್ಮಲ್ಯ ಇನ್ಸ್‌ಪೆಕ್ಟರುಗಳಿದ್ದಾರೆ. ಇವತ್ತು ಅದನ್ನು ಹೇಳುತ್ತೇನೆ.

1854ರಲ್ಲಿ ಬ್ರಿಟನ್ ಕ್ರಿಮಿಯಾ ಯುದ್ಧಕ್ಕೆ ಇಳಿಯಿತು. ಗಾಯಾಳುಗಳನ್ನೂ ರೋಗಿಗಳನ್ನೂ ಹಡಗಿನಲ್ಲಿ ಇಸ್ತಾಂಬುಲ್ ನಗರದ ಎದುರು ದಡದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿನ ದೊಡ್ಡದೊಂದು ಸೈನಿಕ ಬ್ಯಾರಕ್ಕೇ ಆಸ್ಪತ್ರೆಯಾಗಿತ್ತು. ಆ ವರ್ಷದ ನವೆಂಬರಿನಲ್ಲಿ ನೈಟಿಂಗೇಲ್ 38 ಮಂದಿ ದಾದಿಯರೊಡನೆ ಅಲ್ಲಿಗೆ ಬಂದರು. ಅವರಲ್ಲಿ 10 ಮಂದಿ ಕಥೋಲಿಕ ಸಿಸ್ಟರುಗಳಿದ್ದರು. ಬಟ್ಟೆ ಒಗೆಸಿದರು, ಗಂಜಿ ಕುಡಿಸಿದರು, ನೆಲ ಉಜ್ಜಿಸಿದರು. ಸೇವೆಯಲ್ಲಿ ಏನೂ ಕೊರತೆ ಮಾಡಲಿಲ್ಲ.

ಆದರೂ ಸಾವು ನಿಲ್ಲಲಿಲ್ಲ, ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ ಪ್ರತಿ 1000 ಮಂದಿಯಲ್ಲಿ 427 ಜನ ತೀರಿಹೋದರು. ಹೆಚ್ಚಿನವರನ್ನು ಕೊಂದದ್ದು ಗುಂಡೇಟಲ್ಲ. ಭೇದಿ, ಕಾಲರಾ, ಜ್ವರ.

ಕಾರಣ ಕಾಲಡಿಯಲ್ಲೇ ಇತ್ತು. ಕಟ್ಟಡದ ಕೆಳಗಿನ ಚರಂಡಿಗಳು ಕಟ್ಟಿಕೊಂಡಿದ್ದವು. ಪಾಯಿಖಾನೆಗಳು ತುಂಬಿ ಹರಿಯುತ್ತಿದ್ದವು. ಗಾಳಿಯಾಡದ ವಾರ್ಡುಗಳಲ್ಲಿ ಜನ ಒತ್ತೊತ್ತಾಗಿ ಮಲಗಿದ್ದರು. ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಆ ನೀರನ್ನೇ ರೋಗಿಗಳು ಕುಡಿಯುತ್ತಿದ್ದರು!

1855ರ ಮಾರ್ಚಿನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಅಲ್ಲಿಗೆ ತಲುಪಿತು. ಡಾ. ಜಾನ್ ಸದರ್‌ಲ್ಯಾಂಡ್, ಡಾ. ಹೆಕ್ಟರ್ ಗ್ಯಾವಿನ್ ಮತ್ತು ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಅದರ ಸದಸ್ಯರು. ಜೊತೆಗೆ ಲಿವರ್‌ಪೂಲ್ ಪಟ್ಟಣದಲ್ಲಿ ಕೊಳಚೆ ತಪಾಸಣೆ ಮಾಡಿ ನುರಿತ ಇನ್ಸ್‌ಪೆಕ್ಟರುಗಳೂ ಬಂದರು. ಬರೀ ವರದಿ ಬರೆದು ಹೋಗುವುದಲ್ಲ, ಎದುರಿಗೆ ನಿಂತು ಕೆಲಸ ಮಾಡಿಸಬೇಕು ಎಂದು ಅವರಿಗೆ ಆದೇಶವಿತ್ತು. ಅವರು ಗಾಡಿಗಟ್ಟಲೆ ಕಸ ತೆಗೆಸಿದರು, ಸತ್ತ ಪ್ರಾಣಿಗಳನ್ನು ಹೂಳಿಸಿದರು, ನೀರು ಬಿಟ್ಟು ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಗಾಳಿ ಬರಲು ದಾರಿ ಮಾಡಿಸಿದರು.

ಜೂನ್ ತಿಂಗಳ ಲೆಕ್ಕ ನೋಡಿ: 427 ಇದ್ದದ್ದು 22ಕ್ಕೆ ಇಳಿಯಿತು. ಚಳಿಗಾಲ ಮುಗಿದದ್ದು, ರೋಗಿಗಳ ದಟ್ಟಣೆ ತಗ್ಗಿದ್ದು ಸಹ ನೆರವಾಯಿತು, ನಿಜ. ಆದರೆ ಚೊಕ್ಕಟತನದ ಪಾಲು ದೊಡ್ಡದು. ರೋಗಾಣುಗಳ ವಿಚಾರ ಆಗಿನ್ನೂ ಸ್ಪಷ್ಟವಾಗಿರಲಿಲ್ಲ. ದುರ್ವಾಸನೆಯ ಗಾಳಿಯಿಂದಲೇ ರೋಗ ಎಂದು ಅವರು ನಂಬಿದ್ದರು. ನಂಬಿಕೆ ಪೂರ್ತಿ ಸರಿಯಿಲ್ಲದಿದ್ದರೂ ಮಾಡಿದ ಕೆಲಸ ಸರಿಯಿತ್ತು.

1856ರಲ್ಲಿ ಊರಿಗೆ ಮರಳಿದ ನೈಟಿಂಗೇಲ್, ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಸಾವಿನ ಪಟ್ಟಿಗಳನ್ನು ತಿಂಗಳು ತಿಂಗಳಾಗಿ ಲೆಕ್ಕ ಹಾಕಿದರು. ತಾವು ಹಗಲಿರುಳು ಸೇವೆ ಮಾಡಿದ ಜಾಗವೇ ಜನರನ್ನು ಕೊಂದಿತ್ತು ಎಂಬ ಕಹಿ ಸತ್ಯ ಹೊರಬಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಮುಂದಿನ ಬದುಕೆಲ್ಲ ಒಳ್ಳೆಯ ನೀರು, ಚರಂಡಿ, ಗಾಳಿ ಎಂದು ಹೋರಾಡಿದರು. ನಮ್ಮ ದೇಶಕ್ಕೂ ಇದರ ನಂಟಿದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಮಂದಿ ಸಾಯುತ್ತಿದ್ದಾರೆಂದು 1863ರ ರಾಯಲ್ ಆಯೋಗದ ವರದಿ ತೋರಿಸಿತು. ಅದರ ಹಿಂದೆ ಅವರ ದುಡಿಮೆಯಿತ್ತು.

ಇದರಿಂದ ನಾವು ಕಲಿಯುವುದೇನು?

ಮೊದಲನೆಯದು, ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಕುಡಿಸುವುದು ಸೇವೆ. ಆ ಮನೆಯವರು ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಪೈಪು ಚರಂಡಿಯೊಳಗೆ ಹಾದುಹೋಗಿದೆಯೇ ಅಂತ ನೋಡುವುದೂ ಸೇವೆಯೇ.

ಎರಡನೆಯದು, ಲೆಕ್ಕ ಬರೆದಿಡಿ. ಯಾವ ಕೇರಿಯಲ್ಲಿ, ಯಾವ ತಿಂಗಳು, ಎಷ್ಟು ಮಂದಿಗೆ ಭೇದಿ ಎಂದು ಸಂಘದ ಪುಸ್ತಕದಲ್ಲಿರಲಿ. ಗ್ರಾಮಸಭೆಯಲ್ಲಿ ಬಾಯಿಮಾತಿಗಿಂತ ಆ ಪುಸ್ತಕಕ್ಕೆ ತೂಕ ಜಾಸ್ತಿ.

ಮೂರನೆಯದು, ಹೆಲ್ತ್ ಇನ್ಸ್‌ಪೆಕ್ಟರ್ ಬಂದಾಗ ಅಂಗಳ ಗುಡಿಸಿದ ಮನೆಗಳನ್ನು ಮಾತ್ರ ತೋರಿಸಬೇಡಿ. ನಾರುವ ಜಾಗಕ್ಕೇ ಕರೆದುಕೊಂಡು ಹೋಗಿ. ಹಾಗಂತ ಗುಂಡಿಗೆ ಯಾರನ್ನೂ ಇಳಿಸಬೇಡಿ. ಮಲದ ಗುಂಡಿಯೊಳಗೆ ಮನುಷ್ಯರನ್ನು ಇಳಿಸಿ ಅಪಾಯಕ್ಕೆ ದೂಡುವುದನ್ನು 2013ರ ಕಾನೂನು ನಿಷೇಧಿಸಿದೆ. ಯಂತ್ರ ಕಳಿಸಿ ಅಂತ ಪಂಚಾಯತಿಯನ್ನು ಕೇಳಿ.

ಸ್ಕುಟಾರಿಯಲ್ಲಿ ದೀಪ ಹಿಡಿದವರ ಚಿತ್ರ ಎಲ್ಲರ ಮನಸ್ಸಿನಲ್ಲೂ ಉಳಿಯಿತು. ಕಸ ಹೊತ್ತು ಚರಂಡಿ ತೊಳೆದವರ ಹೆಸರು ಯಾರಿಗೂ ಗೊತ್ತಿಲ್ಲ. ಇಬ್ಬರೂ ಸೇರಿದಾಗಲೇ ಜೀವ ಉಳಿದದ್ದು. ನಮ್ಮ ಊರಿನಲ್ಲೂ ಅಷ್ಟೇ.